ಯಂತ್ರ ಬರಲಿ, ಅದರ ಕೀಲಿ ಯಾರ ಕೈಯಲ್ಲಿರಬೇಕು?

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ 'ಜವಾರಿ' ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಮಾತು. ಹೈಬ್ರಿಡ್ ಅಲ್ಲದ್ದು, ನೆಲದ್ದು, ನಮ್ಮದು. ಆದರೆ ತಂಬೂರಿ ಮಾಡುವವರ ಬಾಯಲ್ಲಿ ಇದೇ ಪದಕ್ಕೆ ಬೇರೆ ಅರ್ಥ ಇದೆ. ತಂತಿಗಳು ಹಾದುಹೋಗುವ ಅಗಲವಾದ ಕುದುರೆಯ ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ಬಾಗಿಸಿ ಉಜ್ಜಬೇಕು. ತಂತಿಯ ಕೆಳಗೆ ಹತ್ತಿಯ ಸಣ್ಣ ದಾರ ಸೇರಿಸಬೇಕು. ಮೀಟಬೇಕು, ಕೇಳಬೇಕು, ಮತ್ತೆ ಉಜ್ಜಬೇಕು. ಒಂದೇ ತಂತಿಯಿಂದ ಹತ್ತಾರು ಸ್ವರಗಳು ಬಿಚ್ಚಿಕೊಂಡಂತೆ ಆ ಝೇಂಕಾರ ಬರುವವರೆಗೂ ಇದು ನಡೆಯುತ್ತೆ. ಇದಕ್ಕೆ ಜವಾರಿ ಮಾಡೋದು ಅಂತಾರೆ. ಮಿರಜಿನ ಸಿತಾರ್ ಮೇಕರ್ ಗಲ್ಲಿಯಲ್ಲಿ ತಲೆಮಾರುಗಳಿಂದ ಇದು ಕಿವಿಯ ಲೆಕ್ಕದಲ್ಲೇ ನಡೆದುಬಂದಿದೆ.

ಅದೇ ಮಿರಜಿನಿಂದ ಬೆಳಗಾವಿ ಮಾರ್ಗವಾಗಿ ರೈಲಿನಲ್ಲಿ ಹುಬ್ಬಳ್ಳಿಗೆ ಬನ್ನಿ. ಗೋಕುಲ ರೋಡ್, ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ಇನ್ನೊಂದು ಜಗತ್ತು ಇದೆ. ಹುಬ್ಬಳ್ಳಿ ಕೈಗಾರಿಕಾ ವಾಲ್ವ್‌ಗಳಿಗೆ ಹೆಸರಾದ ಊರು. ವಾಲ್ವ್ ಅಂದ್ರೆ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ. ಸುಳ್ಳದಂಥ ಸುತ್ತಲಿನ ಊರುಗಳಿಂದ ಬೆಳಗಿನ ಬಸ್ಸಿಗೆ ಬರುವ ಐಟಿಐ, ಡಿಪ್ಲೊಮಾ ಹುಡುಗರು ಇಲ್ಲಿ ಸಿಎನ್‌ಸಿ ಯಂತ್ರದ ಮುಂದೆ ನಿಲ್ಲುತ್ತಾರೆ. ಅಂದ್ರೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ, ಕಡೆಯುವ ಯಂತ್ರ. ಪ್ರೋಗ್ರಾಂ ಹಾಕಿದರೆ ಮೊದಲ ತುಂಡು ಹೇಗೋ ಸಾವಿರದ ತುಂಡೂ ಹಾಗೇ.

ಈ ಎರಡು ಜಗತ್ತುಗಳ ನಡುವೆ ಒಂದು ರಾತ್ರಿಯ ರೈಲು ಪ್ರಯಾಣದಷ್ಟೂ ದೂರ ಇಲ್ಲ. ಆದರೆ ಒಬ್ಬರ ಜತೆ ಒಬ್ಬರಿಗೆ ಮಾತಿಲ್ಲ. ಈ ಮೌನ ಯಾಕೆ ನಮ್ಮ ರಾಜಕೀಯದ ಪ್ರಶ್ನೆ ಅನ್ನೋದನ್ನು ಇಲ್ಲಿ ಹೇಳಬೇಕಿದೆ. ಅದಕ್ಕೆ ಮೊದಲು ಸ್ವಲ್ಪ ಹೊತ್ತು ಎಲೆಕ್ಟ್ರಿಕ್ ಗಿಟಾರಿನ ಕಡೆ ಹೋಗಿ ಬರೋಣ. ಕೈಗೂ ಯಂತ್ರಕ್ಕೂ ನಡೆಯುವ ಜಗಳದಲ್ಲಿ ಅಸಲಿ ಪ್ರಶ್ನೆ ಎಲ್ಲಿ ಅಡಗಿದೆ ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತೆ.

ಗಿಟಾರು ಕೊರೆಯೋದು ಯಾರು?

ಕಾಲೇಜಿನಲ್ಲಿ ಬ್ಯಾಂಡ್ ಕಟ್ಟಿದ ಯಾವ ಹುಡುಗನನ್ನಾದರೂ ಕೇಳಿ, 'ಹ್ಯಾಂಡ್‌ಮೇಡ್' ಗಿಟಾರ್ ಅಂದ ತಕ್ಷಣ ಕಣ್ಣು ಅರಳುತ್ತೆ. 'ಫ್ಯಾಕ್ಟರಿ ಪೀಸ್' ಅಂದ್ರೆ ಮುಖ ಸಪ್ಪೆ. ಇದರಲ್ಲಿ ಎಷ್ಟು ನಿಜ?

ಎಲೆಕ್ಟ್ರಿಕ್ ಗಿಟಾರಿನ ಒಡಲು ಗಟ್ಟಿ ಮರ. ತಂಬೂರಿಯ ಬುರುಡೆಯ ಹಾಗೆ ಟೊಳ್ಳಲ್ಲ. ಉಕ್ಕಿನ ತಂತಿ ಕಂಪಿಸಿದಾಗ ಅದರ ಕೆಳಗಿನ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತೆ, ಅದೇ ಆಂಪ್ಲಿಫೈಯರ್‌ಗೆ ಹೋಗಿ ಶಬ್ದ ಆಗುತ್ತೆ. ಹೀಗಾಗಿ ಇಲ್ಲಿ ಮೊದಲು ಬೇಕಾದ್ದು ಅಳತೆಯ ಕರಾರುವಾಕ್ಕುತನ. ಗಿಟಾರಿನ ನೆಕ್ ಮೇಲೆ ಅಡ್ಡಡ್ಡ ಇರುವ ಲೋಹದ ಪಟ್ಟಿಗಳು, ಅಂದ್ರೆ ಫ್ರೆಟ್‌ಗಳು, ಎಲ್ಲಿ ಕೂರಬೇಕು ಅನ್ನೋದು ಶುದ್ಧ ಗಣಿತ. 648 ಮಿಲಿಮೀಟರ್ ಉದ್ದದ ತಂತಿ ಇದ್ದರೆ ಮೊದಲ ಫ್ರೆಟ್ ಸುಮಾರು 36.4 ಮಿಲಿಮೀಟರಿಗೆ ಬರಬೇಕು, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ. ಒಂದು ಮಿಲಿಮೀಟರ್ ಆಚೀಚೆ ಆದರೂ ಒಳ್ಳೆ ಕಿವಿಗೆ ಅಪಸ್ವರ. ಈ ಸೀಳುಗಳನ್ನು ಗರಗಸ ಹಿಡಿದು ಕೊಯ್ಯುವವನಿಗಿಂತ ಸಿಎನ್‌ಸಿ ಚೆನ್ನಾಗಿ ಕೊಯ್ಯುತ್ತೆ. ಇದರಲ್ಲಿ ಭಾವುಕತೆಗೆ ಜಾಗ ಇಲ್ಲ. ಕೈಯಲ್ಲಿ ರೂಟರ್ ಹಿಡಿದು ಮರ ಕೊರೆಯೋದು ಬೆರಳಿಗೂ ಅಪಾಯ, ಅದರ ಧೂಳು ಪುಪ್ಪುಸಕ್ಕೂ ಅಪಾಯ. ಆ ಕೆಲಸ ಯಂತ್ರಕ್ಕೆ ಹೋದರೆ ಯಾರೂ ಅಳಬೇಕಿಲ್ಲ.

ಹಾಗಂತ ಯಂತ್ರದಿಂದ ಹೊರಬಂದದ್ದು ಗಿಟಾರ್ ಅಲ್ಲ. ಅದು ಗಿಟಾರಿನ ಆಕಾರದ ಮರ. ವಾಲ್ವ್ ಮಾಡುವ ಉಕ್ಕಿಗೂ ಮರಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಒಂದೇ ದರ್ಜೆಯ ಉಕ್ಕಿನ ತುಂಡುಗಳು ಹೆಚ್ಚುಕಮ್ಮಿ ಒಂದೇ ಥರ ವರ್ತಿಸುತ್ತವೆ. ಮರ ಹಾಗಲ್ಲ. ಒಂದೇ ಮರದ ಎರಡು ಹಲಗೆ ಎರಡು ಥರ. ಕೊರೆದ ಮೇಲೂ ಹವೆಯ ತೇವಕ್ಕೆ ಹಿಗ್ಗುತ್ತೆ, ಕುಗ್ಗುತ್ತೆ, ಬಾಗುತ್ತೆ. ಆಮೇಲಿನ ಕೆಲಸವೆಲ್ಲ ಆ ಬಾಗುವಿಕೆಯ ಜತೆ ಮಾತುಕತೆ: ಉಜ್ಜೋದು, ಫ್ರೆಟ್ ಕೂರಿಸಿ ಸಮ ಮಾಡೋದು, ತಂತಿ ಕೂರುವ ಗಾಡಿ ತೀಡೋದು, ಬಣ್ಣ, ವೈರಿಂಗ್, ಕೊನೆಗೆ ಶ್ರುತಿ ಕೂರಿಸೋದು.

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಫಿಟ್ಟಿಂಗ್ ಲ್ಯಾಬ್ ಅಂತ ಇತ್ತು. ಕಬ್ಬಿಣದ ಎರಡು ತುಂಡುಗಳನ್ನು ಫೈಲಿನಿಂದ ಉಜ್ಜಿ ಒಂದರೊಳಗೊಂದು ಬೆಳಕೂ ತೂರದಂತೆ ಕೂರಿಸಬೇಕು. ನಾವೆಲ್ಲ ಅದನ್ನು ಶಿಕ್ಷೆ ಅಂತಲೇ ತಿಳಿದಿದ್ದೆವು. ಎಷ್ಟು ಒತ್ತಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದು ಯಾವ ಪುಸ್ತಕದಲ್ಲೂ ಇರಲಿಲ್ಲ, ಲ್ಯಾಬ್‌ನ ಇನ್‌ಸ್ಟ್ರಕ್ಟರ್ ಬೆರಳ ತುದಿಯಲ್ಲಿತ್ತು. ಅವರ ಪಗಾರ ನಮಗೆ ಪಾಠ ಮಾಡುವ ಪ್ರೊಫೆಸರ್‌ಗಿಂತ ಎಷ್ಟೋ ಕಡಿಮೆ. ಕೈಗೆ ತಿಳಿದದ್ದಕ್ಕೆ ನಮ್ಮಲ್ಲಿ ಬೆಲೆ ಎಷ್ಟು ಅನ್ನೋದನ್ನು ಮೊದಲು ಕಲಿತದ್ದು ಅಲ್ಲೇ.

ಇನ್ನೂ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. 'ಇದು ಕೈಯಿಂದ ಮಾತ್ರ ಆಗುವ ಕೆಲಸ' ಅನ್ನುವ ಗೆರೆ ಒಂದೇ ಕಡೆ ನಿಲ್ಲೋದಿಲ್ಲ. ಫ್ರೆಟ್ ಸಮ ಮಾಡೋದು ಉಸ್ತಾದರ ಕೆಲಸ ಅಂತ ಬಹುಕಾಲ ನಂಬಲಾಗಿತ್ತು. ಈಗ ಜರ್ಮನಿಯಲ್ಲಿ ಹುಟ್ಟಿದ ಪ್ಲೆಕ್ ಅನ್ನುವ ಕಂಪ್ಯೂಟರ್ ಯಂತ್ರ, ತಂತಿ ಬಿಗಿದ ಸ್ಥಿತಿಯಲ್ಲೇ ನೆಕ್ಕನ್ನು ಅಳೆದು ಫ್ರೆಟ್‌ಗಳನ್ನು ಉಜ್ಜುತ್ತೆ. ನಾಳೆ ಗೆರೆ ಇನ್ನಷ್ಟು ಸರಿಯಬಹುದು. ಹಾಗಾಗಿ 'ಕೈಗೆ ಬರುವಷ್ಟು ಯಂತ್ರಕ್ಕೆ ಬರಲ್ಲ' ಅನ್ನುವ ಒಂದೇ ವಾದದ ಮೇಲೆ ಕುಶಲಕರ್ಮಿಯ ಬದುಕನ್ನು ನಿಲ್ಲಿಸೋದು ಅಪಾಯ. ಆ ವಾದ ಬಿದ್ದ ದಿನ ಅವನೂ ಬೀಳ್ತಾನೆ.

ಫೆಂಡರ್ ಕೂಡ ಕಾರ್ಖಾನೆಯ ಮಾಲೇ

ಇವತ್ತು ಲಕ್ಷಗಟ್ಟಲೆ ಕೊಟ್ಟು ಸಂಗ್ರಹಿಸುವ ಐವತ್ತರ ದಶಕದ ಫೆಂಡರ್ ಗಿಟಾರುಗಳ ಕತೆ ಕೇಳಿ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1950ರಲ್ಲಿ ಅವರು ತಂದ, ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರು, 1954ರ ಸ್ಟ್ರ್ಯಾಟೊಕಾಸ್ಟರ್, ಎರಡೂ ಸಾಲುಸಾಲಾಗಿ ಮಾಡಲೆಂದೇ ರೂಪಿಸಿದ ಮಾಲು. ನೆಕ್ಕನ್ನು ಒಡಲಿಗೆ ಅಂಟಿಸುವ ನಾಜೂಕು ಕೆಲಸವನ್ನೇ ಅವರು ತೆಗೆದುಹಾಕಿ ನಾಲ್ಕು ಸ್ಕ್ರೂ ಹಾಕಿದರು. ಅಚ್ಚು ಇಟ್ಟು ರೂಟರ್ ಯಂತ್ರದಿಂದ ಒಡಲು ಕೊರೆದರು. ಆ ಕಾಲದ ಹಳೇ ಕುಶಲಕರ್ಮಿಗಳಿಗೆ ಇದು ಗಿಟಾರ್ ಅನ್ನಿಸದೇ ಇದ್ದಿದ್ದರೆ ಆಶ್ಚರ್ಯವಿಲ್ಲ. ಇವತ್ತು ಅದೇ ಕಾರ್ಖಾನೆಯ ಮಾಲಿಗೆ ನಾವು 'ಹಳೇ ಕೈಕೆಲಸ' ಅಂತ ಕೈಮುಗಿತೀವಿ. ಒಂದು ಪೀಳಿಗೆಯ ಯಂತ್ರ ಮುಂದಿನ ಪೀಳಿಗೆಗೆ ಪರಂಪರೆ.

ಹಾಗಾದ್ರೆ ಅಸಲಿ ಪ್ರಶ್ನೆ ಎಲ್ಲಿದೆ? ಇನ್ನೆರಡು ಗಿಟಾರ್ ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಅಮೆರಿಕದ ಟೇಲರ್. 1974ರಲ್ಲಿ ಶುರುವಾಯಿತು. ಹೆಚ್ಚಾಗಿ ಅಕೂಸ್ಟಿಕ್ ಗಿಟಾರುಗಳ ಕಂಪನಿ. ಗಿಟಾರ್ ಜಗತ್ತಿನಲ್ಲಿ ಸಿಎನ್‌ಸಿಯನ್ನು ತೀರಾ ಮೊದಲು, 1990ರ ಹೊತ್ತಿಗೇ, ಅಪ್ಪಿಕೊಂಡವರಲ್ಲಿ ಇವರೂ ಸೇರಿದ್ದಾರೆ. 'ಯಂತ್ರದ ಗಿಟಾರು' ಅಂತ ಮೂಗು ಮುರಿದವರೂ ಇದ್ದರು. ಆದರೆ 2021ರ ಜನವರಿಯಲ್ಲಿ ಆ ಕಂಪನಿ ತನ್ನ ಪೂರ್ತಿ ಮಾಲೀಕತ್ವ ನೌಕರರ ಟ್ರಸ್ಟಿಗೆ ಸೇರಿತು ಎಂದು ಘೋಷಿಸಿತು. ಯಂತ್ರ ಓಡಿಸುವವರೇ ಯಂತ್ರದ ಪಾಲುದಾರರು.

ಎರಡನೆಯದು ದಕ್ಷಿಣ ಕೊರಿಯಾದ ಕಾರ್ಟ್. ದೊಡ್ಡ ದೊಡ್ಡ ಬ್ರಾಂಡುಗಳಿಗೂ ಎಲೆಕ್ಟ್ರಿಕ್ ಗಿಟಾರ್ ಮಾಡಿಕೊಡುವ ಕಂಪನಿ. 2007ರಲ್ಲಿ ಕೊರಿಯಾದ ತನ್ನ ಕಾರ್ಖಾನೆಗಳ ಕಾರ್ಮಿಕರನ್ನು ತೆಗೆದುಹಾಕಿತು, ತಯಾರಿಕೆ ಇಂಡೋನೇಷ್ಯಾ, ಚೀನಾಗಳಿಗೆ ಹೋಯಿತು. ವರ್ಷಗಟ್ಟಲೆ ಗಿಟಾರ್ ಮಾಡಿ ಪಳಗಿದ ಕೈಗಳು ಬೀದಿಗೆ ಬಂದವು. ಅವರು ಬಿಡಲಿಲ್ಲ. ಧರಣಿ, ಉಪವಾಸ, ಕೋರ್ಟು. ತಾವೇ ಬ್ಯಾಂಡ್ ಕಟ್ಟಿಕೊಂಡು ಹಾಡಿದರು ಕೂಡ. ಕೊನೆಗೆ ಒಪ್ಪಂದ ಆದದ್ದು 2019ರ ಏಪ್ರಿಲ್‌ನಲ್ಲಿ. ಹನ್ನೆರಡು ವರ್ಷ!

ಗಮನಿಸಿ, ಆ ಕೊರಿಯನ್ ಕಾರ್ಮಿಕರ ಕೆಲಸವನ್ನು ಸಿಎನ್‌ಸಿ ಕಿತ್ತುಕೊಳ್ಳಲಿಲ್ಲ. ಇನ್ನೊಂದು ದೇಶದ ಅಗ್ಗದ ಕೈ ಕಿತ್ತುಕೊಂಡಿತು. ಕೈಕೆಲಸ ಇದ್ದಲ್ಲಿ ಕಾರ್ಮಿಕ ಸುರಕ್ಷಿತ, ಯಂತ್ರ ಬಂದಲ್ಲಿ ಆತ ನಾಶ ಅನ್ನುವ ಸರಳ ಲೆಕ್ಕ ಎರಡೂ ಕಡೆ ತಪ್ಪುತ್ತೆ. ಯಾವ ಕೆಲಸ ಯಂತ್ರಕ್ಕೆ, ಯಾವುದು ಕೈಗೆ ಅನ್ನೋದನ್ನು ತೀರ್ಮಾನಿಸೋರು ಯಾರು, ಉಳಿದ ಲಾಭ ಯಾರ ಜೇಬಿಗೆ ಹೋಗುತ್ತೆ ಅನ್ನೋದೇ ಲೆಕ್ಕಕ್ಕೆ ಬರೋದು. ಈ ಪ್ರಶ್ನೆ ಕೈಯಲ್ಲಿ ಹಿಡಿದು ಈಗ ಮಿರಜಿಗೆ ವಾಪಸ್ ಹೋಗೋಣ.

ಕತ್ತಿಯಿಂದ ತಂಬೂರಿಗೆ, ತಂಬೂರಿಯಿಂದ?

ಮಿರಜಿನ ವಾದ್ಯ ತಯಾರಕರ ಮೂಲಪುರುಷ ಎಂದು ಹೇಳಲಾಗುವ ಫರೀದ್‌ಸಾಹೇಬ್, ಶಿಕಲಗಾರ ಸಮುದಾಯದವರು. ಅಂದ್ರೆ ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯುವವರು. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಆಯುಧದ ಬೇಡಿಕೆ ಕುಸಿದಾಗ ಆ ಕೈಗಳು ಸಿತಾರ್, ತಂಬೂರಿ ಕಡೆ ತಿರುಗಿದವು. ಪರಂಪರೆ ಪರಂಪರೆ ಅಂತ ನಾವು ಹೇಳುವ ಈ ಕಸುಬು ಹುಟ್ಟಿದ್ದೇ ಒಂದು ಕಸುಬು ಸತ್ತಾಗ. ಕುಶಲಕರ್ಮಿ ಹೊಸದಕ್ಕೆ ಹೆದರುವವನು ಅನ್ನೋದು ನಮ್ಮ ಓದಿದವರ ಕಲ್ಪನೆ ಅಷ್ಟೇ.

ನಮ್ಮ ಭಾಗದ ಸಂಗೀತಕ್ಕೂ ಮಿರಜಿಗೂ ಕಳ್ಳುಬಳ್ಳಿ ಸಂಬಂಧ. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರಲ್ಲಿ ಕಲಿತವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಕಿರಾಣಾ ಘರಾಣೆಯಲ್ಲಿ ತಂಬೂರಿ ಅಂದ್ರೆ ಹಾಡಿನ ಹಿಂದಿನ ಗೋಡೆಯಲ್ಲ, ಹಾಡು ನಿಲ್ಲುವ ನೆಲ.

ಆ ನೆಲ ಯಾವಾಗ ಕುಸಿಯತೊಡಗಿತು? ಮಿರಜಿನ ಗಲ್ಲಿಗೆ ಸಿಎನ್‌ಸಿ ಬಂದದ್ದಕ್ಕಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಮುಂದೆ ಅವರ ರಾಡೆಲ್ ಕಂಪನಿಯ ಪೆಟ್ಟಿಗೆ ಮನೆಮನೆಗೆ, ಸಭೆಸಭೆಗೆ ಹೋಯಿತು. ಈಗ ಮೊಬೈಲ್ ಆ್ಯಪ್. ಇದರಲ್ಲಿ ಒಳಿತೂ ಇದೆ, ಮರೆಯಬಾರದು. ದೊಡ್ಡ ತಂಬೂರಿ ಕೊಳ್ಳಲಾಗದ, ಹೊತ್ತು ತಿರುಗಲಾಗದ, ಹಿಂದೆ ಕೂತು ಮೀಟಲು ಒಬ್ಬ ಶಿಷ್ಯ ಇಲ್ಲದ ಎಷ್ಟೋ ಮಕ್ಕಳಿಗೆ, ಅದರಲ್ಲೂ ಮನೆಯಲ್ಲೇ ಅಭ್ಯಾಸ ಮಾಡುವ ಹೆಣ್ಣುಮಕ್ಕಳಿಗೆ, ಆ ಪೆಟ್ಟಿಗೆ ಸಂಗೀತದ ಬಾಗಿಲು ತೆರೆಯಿತು. ಆದರೆ ಅದೇ ಬಾಗಿಲು ಇನ್ನೊಂದು ಕಡೆ ಮುಚ್ಚಿತು. ದಿನದ ಅಭ್ಯಾಸಕ್ಕೆ ಬೇಕಿದ್ದ ಸಾಧಾರಣ ತಂಬೂರಿಯ ಮಾರುಕಟ್ಟೆ ಕರಗಿತು. ಯಾವ ಕಸುಬಿನಲ್ಲೂ ಹೊಸ ಹುಡುಗರು ಕೈ ಪಳಗಿಸಿಕೊಳ್ಳೋದು ಇಂಥ ಸಾಧಾರಣ ಮಾಲಿನ ಮೇಲೇ. ಅದು ಹೋದರೆ ಮೇಲಿನ ಉಸ್ತಾದ್ ಉಳಿದರೂ ಕೆಳಗಿನ ಏಣಿ ಮುರಿಯುತ್ತೆ.

2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಜಿಐ ಟ್ಯಾಗ್ ಸಿಕ್ಕಿತು. ಸಂತೋಷ. ಬೇರೆ ಯಾರೋ 'ಮಿರಜ್ ತಂಬೂರಿ' ಅಂತ ಹೆಸರು ಹಾಕಿ ಮಾರೋದು ಇನ್ನು ಕಷ್ಟ. ಆದರೆ ಜಿಐ ಟ್ಯಾಗ್ ಹೆಸರನ್ನು ಕಾಯುತ್ತೆ, ಹೊಟ್ಟೆಯನ್ನಲ್ಲ. ಅಪ್ಪನ ಕೆಲಸ ಕಲಿಯಲು ಮಗ ಕೂರಬೇಕಾದ್ರೆ ಹೆಸರಿನ ಜತೆ ಪಗಾರವೂ ಬೇಕು.

ಬೆಂಗೇರಿ ಕಲಿಸಿದ ಪಾಠ

ಮಾರುಕಟ್ಟೆ ತಾನಾಗಿ ಬದಲಾದಾಗ ಏನಾಗುತ್ತೆ ಅನ್ನೋದಕ್ಕೆ ತಂಬೂರಿ ಉದಾಹರಣೆ. ಸರ್ಕಾರವೇ ಒಂದು ಸಾಲು ತಿದ್ದಿ ಬದಲಾಯಿಸಿದಾಗ? ಅದಕ್ಕೆ ನಾವು ಹುಬ್ಬಳ್ಳಿ ಬಿಟ್ಟು ಹೋಗಬೇಕಿಲ್ಲ.

ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾದದ್ದು 1957ರಲ್ಲಿ. ಬಿಐಎಸ್ ಮಾನದಂಡದ ರಾಷ್ಟ್ರಧ್ವಜ ತಯಾರಿಸುತ್ತಿದೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನೂಲು, ನೇಯ್ಗೆ, ಬಣ್ಣ, ಚಕ್ರದ ಮುದ್ರಣ, ಹೊಲಿಗೆ, ಪ್ರತಿ ಹಂತಕ್ಕೂ ಅಳತೆ ಇದೆ. ಚಕ್ರದ 24 ಅರಗಳಲ್ಲಿ ಒಂದು ಓರೆಯಾದರೂ ಧ್ವಜ ತಿರಸ್ಕೃತ. ನಮ್ಮ ವಾಲ್ವ್ ಕಾರ್ಖಾನೆಗಳ ಕ್ವಾಲಿಟಿ ಕಂಟ್ರೋಲ್‌ಗೆ ಇದು ಏನೂ ಕಡಿಮೆಯಲ್ಲ.

2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ 2002ರ ಧ್ವಜ ಸಂಹಿತೆಗೆ ತಿದ್ದುಪಡಿ ತಂದಿತು. ಕೈನೂಲು, ಕೈನೇಯ್ಗೆಯ ಜತೆಗೆ ಯಂತ್ರದಲ್ಲಿ ತಯಾರಿಸಿದ್ದು, ಪಾಲಿಯೆಸ್ಟರ್ ಬಟ್ಟೆಯದ್ದು ಎಲ್ಲವೂ ಸರಿ ಎಂದಾಯಿತು. 2022ರ ಆಗಸ್ಟ್‌ನಲ್ಲಿ 'ಹರ್ ಘರ್ ತಿರಂಗಾ'. ಮನೆಮನೆಯಲ್ಲೂ ಧ್ವಜ ಹಾರಿತು. ಬೆಂಗೇರಿಯಲ್ಲಿ ಪ್ರತಿಭಟನೆ ನಡೆಯಿತು. ಸ್ವಾತಂತ್ರ್ಯದ 75ನೇ ವರ್ಷದಲ್ಲಿ ದೇಶದ ಧ್ವಜ ಹೊಲಿಯುವ ಕೈಗಳು ಬೀದಿಗಿಳಿದು ಕೆಲಸ ಕೇಳಬೇಕಾಯಿತು.

ತಿದ್ದುಪಡಿಯ ಪರವಾದ ವಾದವನ್ನೂ ಕೇಳೋಣ. ಖಾದಿ ಧ್ವಜ ದುಬಾರಿ, ಕೋಟಿಗಟ್ಟಲೆ ಮನೆಗೆ ಆಗುವಷ್ಟು ಖಾದಿ ಅಷ್ಟು ಬೇಗ ನೇಯಲಾಗದು, ಬಡವನೂ ತನ್ನ ಮನೆ ಮೇಲೆ ಧ್ವಜ ಹಾರಿಸಲಿ ಅನ್ನೋದರಲ್ಲಿ ತಪ್ಪೇನು? ಒಪ್ಪೋಣ. ಆದರೆ ಆ ತೀರ್ಮಾನ ತೆಗೆದುಕೊಳ್ಳುವಾಗ ನೂಲುವವರನ್ನು ಕೇಳಿದ ಕುರುಹು ಎಲ್ಲಿದೆ? ಸರ್ಕಾರಿ ಕಚೇರಿಗಳಿಗಾದರೂ ಖಾದಿಯೇ ಕಡ್ಡಾಯ ಅನ್ನಬಹುದಿತ್ತು. ಐದು ವರ್ಷದ ಗಡುವು ಕೊಡಬಹುದಿತ್ತು. ಸಂಘಗಳಿಗೆ ಹೊಸ ಉಪಕರಣ ಕೊಡಬಹುದಿತ್ತು. ಯಂತ್ರವನ್ನು ಒಳಗೆ ಬಿಡುವ ಒಂದು ಸಾಲು ಬಂತು, ಕೈಗಳನ್ನು ದಡ ಸೇರಿಸುವ ಇನ್ನೊಂದು ಸಾಲು ಬರಲಿಲ್ಲ.

'ಗಾಂಧಿ ಯಂತ್ರವಿರೋಧಿ, ಖಾದಿಯವರು ಹಳೇ ಕಾಲದವರು' ಅನ್ನೋರಿಗೆ ಒಂದು ಸಂಗತಿ. 1929ರಲ್ಲಿ ಗಾಂಧೀಜಿಯ ನೇತೃತ್ವದ ಅಖಿಲ ಭಾರತ ಚರಕ ಸಂಘ, ಒಳ್ಳೆಯ ಚರಕ ರೂಪಿಸಿದವರಿಗೆ 1 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಷರತ್ತುಗಳು ನೋಡಿ: ಬೆಲೆ 150 ರೂಪಾಯಿ ಮೀರಬಾರದು, ಹೆಣ್ಣುಮಗಳೊಬ್ಬಳು ಹೆಚ್ಚು ದಣಿಯದೆ ಎಂಟು ತಾಸು ನಡೆಸುವಂತಿರಬೇಕು, 20 ವರ್ಷ ಬಾಳಬೇಕು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುವಾದ ಕಿರ್ಲೋಸ್ಕರರ ಕಾರ್ಖಾನೆಯಲ್ಲಿ ತಯಾರಾದ ಚರಕವೂ ಸ್ಪರ್ಧೆಗೆ ಹೋಗಿತ್ತು. ಬಹುಮಾನ ಯಾರಿಗೂ ಸಿಗಲಿಲ್ಲ. ಆದರೆ ಆ ಷರತ್ತುಗಳನ್ನು ಒಬ್ಬ ಇಂಜಿನಿಯರ್ ಆಗಿ ಓದಿ. ವೇಗದ ಜತೆಗೇ ಕೊಳ್ಳುವ ಬೆಲೆ, ದುಡಿಯುವ ಮೈ, ಬಾಳಿಕೆ, ರಿಪೇರಿ ಎಲ್ಲ ಲೆಕ್ಕಕ್ಕೆ ಬಂದಿವೆ. ಯಂತ್ರ ಬೇಡ ಅಂದವರ ಮಾತಲ್ಲ ಇದು, ಯಂತ್ರ ನಡೆಸುವವಳದ್ದೇ ಆಗಿರಲಿ ಅಂದವರ ಮಾತು. ನಮ್ಮ ಇವತ್ತಿನ ಯಾವ ಕೈಗಾರಿಕಾ ನೀತಿಯಲ್ಲಿ ಇಂಥ ಸ್ಪೆಸಿಫಿಕೇಶನ್ ಇದೆ?

ಪಟ್ಟಿಯಲ್ಲಿ ಹೆಸರೇ ಇಲ್ಲ

2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. 18 ಕಸುಬುಗಳ ಪಟ್ಟಿ ಇದೆ. ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ದರ್ಜಿ, ಬೊಂಬೆ ಮಾಡುವವರು, ಮೀನಿನ ಬಲೆ ಹೆಣೆಯುವವರು ಎಲ್ಲ ಇದ್ದಾರೆ. ವಾದ್ಯ ತಯಾರಕರು ಅನ್ನುವ ಹೆಸರೇ ಇಲ್ಲ. ತಂಬೂರಿ ಮಾಡುವವರು ಬೇಕಿದ್ದರೆ 'ಬಡಗಿ' ಅಂತ ಹೇಳಿಕೊಂಡು ಒಳಗೆ ನುಸುಳಬೇಕು. ಉಪಕರಣಕ್ಕೆ ಕೊಡುವ ನೆರವು 15,000 ರೂಪಾಯಿ. ಅದರಲ್ಲಿ ಒಳ್ಳೆಯ ಉಳಿ, ಡ್ರಿಲ್ ಬರಬಹುದು. ಮರ ಕೊರೆಯುವ ಸಿಎನ್‌ಸಿ ರೂಟರ್ ಬರೋದಿಲ್ಲ.

ಇನ್ನೊಂದು ತಕರಾರು ಇದೆ. ಈ ಯೋಜನೆಯ ಕಣ್ಣಿರೋದು ಕುಟುಂಬದಿಂದ ಬಂದ ಸಾಂಪ್ರದಾಯಿಕ ಕಸುಬುಗಳ ಮೇಲೆ. ಅಂದ್ರೆ ಕಮ್ಮಾರನ ಮಗ ಒಳ್ಳೆಯ ಕಮ್ಮಾರ ಆಗಲಿ ಅನ್ನುವ ಧಾಟಿ. ಕಾಯಕಕ್ಕೆ ಘನತೆ ಕೊಟ್ಟ ಹನ್ನೆರಡನೇ ಶತಮಾನದ ಶರಣರ ನಾಡು ನಮ್ಮದು. ಅವರು ಕಾಯಕವನ್ನು ಎತ್ತಿ ಹಿಡಿದದ್ದು ಹುಟ್ಟಿನ ಮೇಲುಕೀಳನ್ನು ಒಡೆಯಲಿಕ್ಕೆ, ಗಟ್ಟಿ ಮಾಡಲಿಕ್ಕಲ್ಲ. ಕೈಕಸುಬು ಅಂದ ತಕ್ಷಣ ಭಾವುಕರಾಗುವ ನಾವು, ಆ ಕೈ ಯಾವ ಜಾತಿಯದು, ಯಾವ ಧರ್ಮದ್ದು, ಅದಕ್ಕೆ ಬೇರೆ ದಾರಿ ಇತ್ತಾ ಅಂತಲೂ ಕೇಳಬೇಕು. ಶಿಕಲಗಾರರ ಮಗಳು ಸಿಎನ್‌ಸಿ ಪ್ರೋಗ್ರಾಮರ್ ಆಗಲಿ, ಸುಳ್ಳದ ರೈತನ ಮಗ ಜವಾರಿ ಮಾಡೋದು ಕಲಿಯಲಿ. ಕೌಶಲ ಉಳಿಯಬೇಕು, ಅದಕ್ಕೆ ಜೋತುಬಿದ್ದ ಜಾತಿ ಉಳಿಯಬೇಕಿಲ್ಲ.

ಎಲ್ಲ ಇದೆ, ಜೋಡಿಸುವವರಿಲ್ಲ

ನಮ್ಮಲ್ಲಿ ಏನಿದೆ ಅಂತ ಒಮ್ಮೆ ಲೆಕ್ಕ ಹಾಕಿ. ಜಗತ್ತಿನ ಎಷ್ಟೋ ಗಿಟಾರುಗಳ ಫಿಂಗರ್‌ಬೋರ್ಡ್ 'ಇಂಡಿಯನ್ ರೋಸ್‌ವುಡ್'. ಅದು ಬೇರೇನಲ್ಲ, ನಮ್ಮ ಪಶ್ಚಿಮ ಘಟ್ಟದ ಬೀಟೆ. 2017ರ ಜನವರಿ 2ರಂದು ಬೀಟೆಯ ಇಡೀ ಕುಲಕ್ಕೆ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧ ಜಾರಿಯಾದಾಗ ಗಿಟಾರ್ ಕಂಪನಿಗಳು ತಲೆ ಮೇಲೆ ಕೈಹೊತ್ತು ಕೂತವು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾನೂನುಬದ್ಧವಾಗಿ ಹೊರಬರುವ ಮರವಾದರೂ ಬರೀ ಹಲಗೆಯಾಗಿ ಹೋಗಿ, ಗಿಟಾರಾಗಿ ಹತ್ತಾರು ಪಟ್ಟು ಬೆಲೆಗೆ ವಾಪಸ್ ಬರೋದು ಯಾಕೆ ಅನ್ನೋದು ಪ್ರಶ್ನೆ.

ಮರ ಇದೆ. ಅಳತೆಯ ಶಿಸ್ತು ಗೊತ್ತಿರುವ ಸಿಎನ್‌ಸಿ ಹುಡುಗರು ಹುಬ್ಬಳ್ಳಿಯಲ್ಲಿದ್ದಾರೆ. ಅವರನ್ನು ತಯಾರು ಮಾಡುವ ಜಿಟಿಟಿಸಿ ಕೇಂದ್ರ ಇಲ್ಲೇ ಇದೆ. ಇಂಜಿನಿಯರಿಂಗ್ ಕಾಲೇಜುಗಳಿವೆ, 2016ರಿಂದ ಧಾರವಾಡದಲ್ಲಿ ಐಐಟಿ ಇದೆ. ಕೇಳುವ ಕಿವಿಗಳಿಗಂತೂ ಈ ಊರಲ್ಲಿ ಬರವೇ ಇಲ್ಲ. ಪಕ್ಕದ ಮಿರಜಿನಲ್ಲಿ ಉಸ್ತಾದರಿದ್ದಾರೆ. ಇವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸುವ ಕೆಲಸ ಮಾತ್ರ ಯಾರದ್ದೂ ಅಲ್ಲ.

ಹಾಗಾಗಿ ಬೇಡಿಕೆಗಳನ್ನು ನಾವೇ ಸ್ಪಷ್ಟವಾಗಿ ಇಡೋಣ.

ಒಂದು, ವಾದ್ಯ ತಯಾರಿಕೆಯನ್ನು ವಿಶ್ವಕರ್ಮ ಪಟ್ಟಿಗೆ ಮತ್ತು ರಾಜ್ಯದ ಕೌಶಲ ಯೋಜನೆಗಳಿಗೆ ಹೆಸರು ಹಿಡಿದು ಸೇರಿಸಬೇಕು, ಹುಟ್ಟಿನ ಷರತ್ತಿಲ್ಲದೆ.

ಎರಡು, ಕುಶಲಕರ್ಮಿಗಳೇ ನಡೆಸುವ ಸಾಮಾನ್ಯ ಸೌಲಭ್ಯ ಕೇಂದ್ರ ಬೇಕು. 2005ರಿಂದ ಇರುವ ಕೇಂದ್ರದ 'ಸ್ಫೂರ್ತಿ' ಯೋಜನೆಯಲ್ಲಿ ಇಂಥ ಕೇಂದ್ರಗಳಿಗೆ ದಾರಿ ಇದೆ. ತಂಬೂರಿಯ ದಂಡಿಯನ್ನು ಒರಟಾಗಿ ಕೊರೆಯೋದು, ಬಿರಡೆಗಳ ತೂತು, ಗಿಟಾರಿನ ಫ್ರೆಟ್ ಸೀಳು, ಇಂಥ ಮೈಮುರಿಯುವ ಕೆಲಸ ಯಂತ್ರ ಮಾಡಲಿ. ಜವಾರಿಗೆ ಉಸ್ತಾದರ ಸಮಯ ಉಳಿಯಲಿ. ಕೊರೆಯುವ ಪ್ರೋಗ್ರಾಂ ಫೈಲ್ ಸಹಕಾರ ಸಂಘದ ಆಸ್ತಿಯಾಗಿರಲಿ. ಇಲ್ಲಾಂದ್ರೆ ಉಸ್ತಾದರ ವಾದ್ಯವನ್ನು ಒಮ್ಮೆ ಸ್ಕ್ಯಾನ್ ಮಾಡಿಕೊಂಡು ಹೋದವನು ಅದನ್ನು ಎಲ್ಲಿ ಬೇಕಾದರೂ ಕೊರೆಸಿಕೊಳ್ತಾನೆ. ಕಾರ್ಟ್ ಕಾರ್ಮಿಕರ ಕತೆ ಮರೆಯಬಾರದು.

ಮೂರು, ಸುಳ್ಳು ಲೇಬಲ್ ಬೇಡ. ಯಾವ ಭಾಗ ಯಂತ್ರದ್ದು, ಯಾವುದು ಕೈಯದು ಅಂತ ಬರೆದು ಮಾರೋಣ. ಕೈಯ ಕೆಲಸಕ್ಕೆ ಹೆಚ್ಚು ದುಡ್ಡು ಕೊಡುವವನಿಗೆ ತಾನು ಯಾವುದಕ್ಕೆ ಕೊಡ್ತಿದೀನಿ ಅಂತ ಗೊತ್ತಿರಲಿ.

ನಾಲ್ಕು, ಯಂತ್ರವನ್ನು ಒಳಗೆ ಬಿಡುವ ಯಾವುದೇ ನಿಯಮ ತಿದ್ದುಪಡಿಗೆ ಮೊದಲು ಆ ಕಸುಬಿನವರ ಅಹವಾಲು ಕೇಳುವುದು ಕಡ್ಡಾಯವಾಗಲಿ. ಬೆಂಗೇರಿಯಲ್ಲಿ ಆದದ್ದು ಇನ್ನೊಂದು ಕಡೆ ಆಗಬಾರದು.

'ಇದರಿಂದ ಎಷ್ಟು ಜನಕ್ಕೆ ಕೆಲಸ ಸಿಗುತ್ತೆ ಗುರು?' ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಿಟಾರ್, ತಂಬೂರಿಗಳಿಂದ ಹುಬ್ಬಳ್ಳಿ-ಧಾರವಾಡದ ನಿರುದ್ಯೋಗ ನೀಗೋದಿಲ್ಲ. ಆದರೆ ಇಂದು ತಂಬೂರಿಯವರ ಮುಂದೆ ಬಂದು ನಿಂತ ಪ್ರಶ್ನೆ ನಾಳೆ ಸಿಎನ್‌ಸಿ ಆಪರೇಟರ್ ಮುಂದೆ ಬರುತ್ತೆ. ಯಂತ್ರಕ್ಕೆ ತುಂಡು ಹಾಕಿ ತೆಗೆಯುವ ಕೆಲಸಕ್ಕೆ ರೋಬೋಟ್ ತೋಳುಗಳು ಈಗಾಗಲೇ ಇವೆ. ಗುತ್ತಿಗೆಯ ಮೇಲೆ ಶಿಫ್ಟ್ ಮಾಡುವ ಹುಡುಗನಿಗೆ, ಯಾವ ಯಂತ್ರ ಯಾವಾಗ ಬರಬೇಕು ಅಂತ ಹೇಳುವ ಹಕ್ಕು ಮಿರಜಿನ ಉಸ್ತಾದರಿಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ಉಸ್ತಾದರಿಗೆ ಕೊನೇ ಪಕ್ಷ ಅವರ ಉಳಿಯಾದರೂ ಸ್ವಂತದ್ದು.

ಸಂಜೆ ಶಿಫ್ಟ್ ಮುಗಿಸಿ ಸುಳ್ಳದ ಬಸ್ಸು ಹತ್ತುವ ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗಿಟಾರ್ ಕೇಳುತ್ತಾನೆ. ಇಡೀ ದಿನ ಅವನು ನೂರನೇ ಒಂದು ಮಿಲಿಮೀಟರಿನಷ್ಟು ನಿಖರವಾಗಿ ಲೋಹ ಕೊರೆದಿರುತ್ತಾನೆ. ಆ ಗಿಟಾರನ್ನು ಕೊರೆಯುವ ಕೌಶಲ ತನ್ನ ಕೈಯಲ್ಲೇ ಇದೆ ಅಂತ ಅವನಿಗೆ ಯಾರೂ ಹೇಳಿಲ್ಲ. ಮೊದಲು ಅದನ್ನು ಹೇಳೋಣ. ಆಮೇಲೆ ಯಂತ್ರದ ಕೀಲಿಯಲ್ಲಿ ಅವನ ಪಾಲೆಷ್ಟು ಅಂತ ಅವನ ಜತೆ ನಿಂತು ಕೇಳೋಣ.